ನಾಲ್ಕು ದಿನ ಅವನದು

ಮಾರ್ಚ್ ೩

ತಮ್ಮನಿಗೆ ಅಕ್ಕನಿಂದ.

ಫೋನಿನಲ್ಲಿ ಮಾತಾಡಿದರೆ ಮೂರನೇ ನಿಮಿಷಕ್ಕೆ ನಮ್ಮಿಬ್ಬರಲ್ಲಿ ಒಬ್ಬರು ಇಟ್ಟುಬಿಡುತ್ತೇವೆ. ಅದಕ್ಕೇ ಈ ವರ್ಷವಿಡೀ ಕಾಗದ. ಕಾಗದಕ್ಕೂ ಸಿಟ್ಟು ಬರಬಹುದು, ಆದರೆ ಅದು ತಲುಪಲು ಎರಡು ದಿನ ಬೇಕು.

ತರಬೇತಿಗೆ ಸೇರಿ ವಾರವಾಯಿತು. ವಯಸ್ಸು ನಲವತ್ತೈದು, ಕೊರಳಿಗೆ ಬಿದ್ದ ವಿದ್ಯಾರ್ಥಿನಿಯ ಬಿಲ್ಲೆ ಹೊಸದು. ಹದಿನೆಂಟು ವರ್ಷ ಔಷಧಿ ಕೌಂಟರಿನಲ್ಲಿ ಗುಳಿಗೆ ಎಣಿಸಿ, ಬೆನ್ನು ಮಣಿಸಿ, ಈಗ ಮತ್ತೆ ವಾರಕ್ಕೊಂದು ಪರೀಕ್ಷೆ. ಜೊತೆಗೆ ಕಲಿಯುವವಳು ಇಪ್ಪತ್ತಾರರ ಹುಡುಗಿ. ಚೂಟಿ ಎಂದು ಹೆಸರಿಟ್ಟಿದ್ದೇನೆ. ನಾನು ಬೆರಳು ಮಡಿಸಿ ಲೆಕ್ಕ ಹಾಕುವಷ್ಟರಲ್ಲಿ ಅವಳು ಉತ್ತರ ಬರೆದು, ಚಹಾ ಕುಡಿದು, ಲೋಟ ತೊಳೆದಿಟ್ಟು ಬಂದಿರುತ್ತಾಳೆ.

ಇದು ವಾಸಿ ಮಾಡುವ ಆಸ್ಪತ್ರೆಯಲ್ಲ. ಇನ್ನು ವಾಸಿಯಾಗುವುದಿಲ್ಲ ಎಂದು ಗೊತ್ತಾದವರು ನೋವಿಲ್ಲದೆ ಇರಲಿ ಎಂದು ನಡೆಸುವ ಹಾಸ್ಪಿಸ್. ಹದಿನಾಲ್ಕು ಹಾಸಿಗೆ. ನಾವು ಫಾರ್ಮಸಿಸ್ಟರು ಇಲ್ಲಿ ಕಿಟಕಿಯ ಹಿಂದೆ ಕೂರುವಂತಿಲ್ಲ. ಡಾಕ್ಟರ ಜೊತೆ ಹಾಸಿಗೆಯ ಪಕ್ಕ ನಿಂತು, ಯಾವ ಔಷಧಿ ಏರಿಸಬೇಕು, ಯಾವುದು ಮಂಪರು ತರುತ್ತಿದೆ, ಯಾವುದನ್ನು ಇನ್ನು ನುಂಗಿಸಿ ಪ್ರಯೋಜನವಿಲ್ಲ ಎಂದು ಹೇಳಬೇಕು. ಕಲಿಸುವವರನ್ನು ಎಲ್ಲರೂ ದೊಡ್ಡಮೇಡಂ ಅನ್ನುತ್ತಾರೆ. ಎತ್ತರ ಐದಡಿಗೆ ಎರಡಂಗುಲ ಕಡಿಮೆ.

ಮಾರ್ಫಿನ್ ಇಡುವ ಬೀರುವಿಗೆ ಎರಡು ಬೀಗ, ಎರಡು ಬೀಗಕ್ಕೆ ಇಬ್ಬರು, ಇಬ್ಬರಿಗೆ ಎರಡು ಸಹಿ. ಮೊದಲ ದಿನ ನನ್ನ ಕೈಗೊಂದು ಕೀಲಿ ಕೊಟ್ಟರು. ಒಂದು ತಿರುವು ನನ್ನದು, ಒಂದು ತಿರುವು ದೊಡ್ಡಮೇಡಂ ಅವರದು. ಬಾಗಿಲು ತೆರೆಯಿತು. ಇಷ್ಟೇನಾ ಅನ್ನಿಸಿತು ಕಣೋ. ಈ ಎರಡು ತಿರುವಿಗಾಗಿ ಅಮ್ಮ ಮೂಳೆ ಮೂಳೆಯಲ್ಲಿ ಕ್ಯಾನ್ಸರ್ ಹೊತ್ತು ಹನ್ನೊಂದು ದಿನ ಕೂಗಿದಳು. ನಾನು ಅವಳ ಮಗ್ಗುಲು ಬದಲಿಸುತ್ತಾ ಕೂತಿದ್ದೆ, ನೀನು ಚೀಟಿ ಹಿಡಿದು ದೊಡ್ಡಾಸ್ಪತ್ರೆಯ ಔಷಧಿ ಕಿಟಕಿಗೆ ಓಡುತ್ತಿದ್ದೆ. ಸೊಂಟಕ್ಕೆ ಕೀಲಿಗೊಂಚಲು ಸಿಕ್ಕಿಸಿಕೊಂಡ ಆ ಸ್ಟೋರಿನ ಮುಖ್ಯಸ್ಥ, ನಮ್ಮ ಬೀಗಪ್ಪ, ದಿನಾ "ಸ್ಟಾಕ್ ಇಲ್ಲ" ಅಂದು ಕಳಿಸುತ್ತಿದ್ದ. ಇಪ್ಪತ್ತೆರಡು ವರ್ಷವಾಯಿತು. ನಾನು ಔಷಧಿ ಓದಲು ಸೇರಿದ್ದೇ ಅವನ ಮೇಲಿನ ಸಿಟ್ಟಿಗೆ.

ಊಟ ಸರಿಯಾಗಿ ಮಾಡು. ಹೆಂಡತಿ ಹೇಳಿದಂತೆ ಕೇಳು, ಕೇಳದಿದ್ದರೂ ಕೇಳಿದಂತೆ ಕಾಣು.

ಅಕ್ಕ


ಮಾರ್ಚ್ ೯

ಅಕ್ಕಾ,

ನಿನ್ನ ಪ್ರಾಸದ ಕಾಯಿಲೆಗೆ ಆ ಬೀರುವಿನಲ್ಲಿ ಔಷಧಿ ಇದೆಯೇ ನೋಡು. ಕಾಗದವನ್ನು ನಿನ್ನ ನಾದಿನಿಗೆ ಓದಿ ಹೇಳಿದೆ. ಕೊನೆಯ ಸಾಲು ಮಾತ್ರ ಮತ್ತೊಮ್ಮೆ ಓದು ಅಂದಳು.

ನನ್ನದು ಅದೇ ಲಿಫ್ಟು, ಅದೇ ಗ್ರೀಸು. ಮೊನ್ನೆ ಆರನೇ ಮಹಡಿ ಮತ್ತು ಏಳನೇ ಮಹಡಿಯ ನಡುವೆ ಒಬ್ಬ ವಕೀಲರು ಸಿಕ್ಕಿಹಾಕಿಕೊಂಡಿದ್ದರು. ಹೊರಗೆ ತೆಗೆಯುವವರೆಗೂ ಒಳಗಿನಿಂದಲೇ ನನ್ನ ಮೇಲೆ ಹಾಕುವ ಕೇಸುಗಳ ಪಟ್ಟಿ ಓದುತ್ತಿದ್ದರು. ಹೊರಗೆ ಬಂದ ಮೇಲೆ ಕೈಕುಲುಕಿ ಹೋದರು.

ಹಳೆಯದನ್ನು ಕೆದಕಬೇಡ ಅಕ್ಕ. ಓದಲು ಹೋಗಿದ್ದೀಯ, ಓದು. ಆ ಮನುಷ್ಯ ಈಗ ಎಲ್ಲಿದ್ದಾನೋ, ಇದ್ದಾನೋ ಇಲ್ಲವೋ.

ತಮ್ಮ


ಏಪ್ರಿಲ್ ೧೪

ತಮ್ಮನಿಗೆ,

ಇದ್ದಾನೆ. ಏಳನೇ ಹಾಸಿಗೆಯಲ್ಲಿದ್ದಾನೆ.

ಮೊನ್ನೆ ಬೆಳಿಗ್ಗೆ ಆಂಬುಲೆನ್ಸಿನಲ್ಲಿ ತಂದರು. ಹೊಟ್ಟೆಯಲ್ಲಿ ಶುರುವಾದ ಕ್ಯಾನ್ಸರ್ ಬೆನ್ನುಮೂಳೆಗೆ ಇಳಿದಿದೆ. ಕೂದಲಿಲ್ಲ, ಕೆನ್ನೆಯಿಲ್ಲ. ನಾನು ಗುರುತು ಹಿಡಿದದ್ದು ಮುಖದಿಂದಲ್ಲ. ಹೊದಿಕೆ ಸರಿಮಾಡುವಾಗ ಅವನ ಬಲಗೈ ತಾನಾಗಿ ಸೊಂಟದ ಬಳಿ ಹೋಗಿ ಎರಡು ಸಲ ತಟ್ಟಿಕೊಂಡಿತು. ಅಲ್ಲೇನೂ ಇರಲಿಲ್ಲ. ಹಳೆಯ ಔಷಧಿಗಳ ಪಟ್ಟಿ ಬರೆದುಕೊಳ್ಳುವಾಗ ಏನು ಉದ್ಯೋಗ ಮಾಡುತ್ತಿದ್ದಿರಿ ಎಂದು ಕೇಳಿದೆ. "ನಾನೂ ನಿಮ್ಮ ಕಸುಬಿನವನೇ ಕಣಮ್ಮ, ದೊಡ್ಡಾಸ್ಪತ್ರೆ ಸ್ಟೋರು, ಮೂವತ್ತು ವರ್ಷ" ಅಂದ. ನನ್ನ ಪೆನ್ನು ನಿಂತಿತು. ಅವನಿಗೆ ನನ್ನ ಪರಿಚಯವಿಲ್ಲ. ಹೇಗಿರುತ್ತದೆ, ಅವನು ನೋಡಿದ್ದು ನಿನ್ನನ್ನು.

ಏಳರಿಂದ ಹತ್ತರವರೆಗಿನ ಹಾಸಿಗೆಗಳ ಔಷಧಿ ಈ ತಿಂಗಳು ನನ್ನ ಮತ್ತು ಚೂಟಿಯ ಪಾಲಿಗೆ. ಅವನ ಒಂದೊಂದು ಹನಿಯೂ ನನ್ನ ಕೈ ದಾಟಿ ಹೋಗಬೇಕು. ಮಧ್ಯಾಹ್ನ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕೆ. ಅಷ್ಟು ಸಂತೋಷ ನನಗೆ ಈಚೆಗೆ ಯಾವುದಕ್ಕೂ ಆಗಿರಲಿಲ್ಲ. ನನ್ನಲ್ಲಿ ಇಂಥದ್ದೊಂದು ನಗು ಇತ್ತೆಂದು ಗೊತ್ತಿರಲಿಲ್ಲ.

ಆ ಕಿಟಕಿಯಲ್ಲಿ ನಡೆದದ್ದನ್ನು ನೀನು ನನಗೆ ಸರಿಯಾಗಿ ಹೇಳಿಯೇ ಇಲ್ಲ. ಈಗ ಬರಿ. ದಿನ ದಿನದ್ದೂ ಬರಿ. ನನಗೆ ಬೇಕು.

ಅಕ್ಕ


ಏಪ್ರಿಲ್ ೧೮

ಅಕ್ಕಾ,

ನಿನ್ನ ಕಾಗದ ಓದಿ ಕೆಲಸಕ್ಕೆ ರಜೆ ಹಾಕಿದೆ. ದೇವರೆಂಬುವನು ಇದ್ದಾನೆ, ಅವನಿಗೆ ವಿಳಾಸವೂ ಗೊತ್ತಿದೆ.

ಕೇಳಿದ್ದೀಯ, ಬರೆಯುತ್ತೇನೆ. ಕಿಟಕಿಗೆ ಹಸಿರು ಬಣ್ಣ, ಕೆಳಗಿನ ಅಂಚಿನಲ್ಲಿ ಸಾವಿರ ಕೈ ತಾಗಿ ಸಿಪ್ಪೆ ಎದ್ದಿತ್ತು. ಮೊದಲ ದಿನ ನನ್ನ ಮುಂದೆ ಹದಿನೇಳು ಜನ. ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಸ್ಟಾಕ್ ಇಲ್ಲ ಅಂದ. ಅವನ ಹಿಂದೆ ಬೀರು ಅರ್ಧ ತೆರೆದಿತ್ತು, ಕಂದು ಸೀಸೆಗಳ ಸಾಲು ನನಗೆ ಕಾಣುತ್ತಿತ್ತು. ಎರಡನೇ ದಿನ ಡಾಕ್ಟರ ಮೊಹರು ಮಾಸಿದೆ ಅಂದ. ಮತ್ತೆ ಹಾಕಿಸಿಕೊಂಡು ಬರುವಷ್ಟರಲ್ಲಿ ಕಿಟಕಿ ಮುಚ್ಚಿದ್ದ. ಮೂರನೇ ದಿನ ಊಟದ ಡಬ್ಬಿ ಬಿಚ್ಚುತ್ತಾ, ತಲೆ ಎತ್ತದೆ, ಇಲ್ಲ ಅಂದ. ನಾಲ್ಕನೇ ದಿನ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಸಾಲಿಗೆಲ್ಲ ಕೇಳುವಂತೆ ಹೇಳಿದ: "ದಿನಾ ಬರ್ತೀಯಲ್ಲ, ಔಷಧಿ ನಿಮ್ಮಮ್ಮನಿಗಾ, ನಿನಗಾ?" ಸಾಲು ನಕ್ಕಿತು. ಒಬ್ಬ ಹೆಂಗಸು ಚೀಲವನ್ನು ನನ್ನ ಕಡೆಯಿಂದ ಆಚೆ ಬದಿಗೆ ಬದಲಿಸಿಕೊಂಡಳು. ನನಗೆ ಇಪ್ಪತ್ತು ವರ್ಷ ಅಕ್ಕ.

ಉಳಿದ ದಿನಗಳೂ ಅದೇ.

ನೀನೇನೂ ಮಾಡಬೇಡ. ಸ್ಟಾಕ್ ಇಲ್ಲ ಅನ್ನು. ಬಾಯಿಬಿಟ್ಟು ಕೇಳಿದರೆ ಮೊಹರು ಮಾಸಿದೆ ಅನ್ನು. ನನಗಾಗಿ ಒಂದು ಸಲ ಅನ್ನು.

ತಮ್ಮ


ಏಪ್ರಿಲ್ ೨೩

ತಮ್ಮನಿಗೆ,

ಅನ್ನುವ ಅಗತ್ಯವೇ ಬೀಳಲಿಲ್ಲ. ಸುಮ್ಮನಿದ್ದೆ, ಸಾಕಾಯಿತು.

ಅವನ ಮೂತ್ರಪಿಂಡ ಸೋಲುತ್ತಿದೆ, ಗುಳಿಗೆ ನುಂಗಲೂ ಆಗುತ್ತಿಲ್ಲ. ಮಾರ್ಫಿನ್ ನಿಲ್ಲಿಸಿ ಬೇರೆ ಔಷಧಿಯನ್ನು ಚರ್ಮದಡಿಯಲ್ಲಿ ಹನಿಹನಿಯಾಗಿ ಬಿಡುವ ಪಂಪಿಗೆ ಬದಲಿಸಬೇಕಾಯಿತು. ಹಾಗೆ ಬದಲಿಸುವಾಗ ಒಂದು ಕ್ರಮವಿದೆ: ಲೆಕ್ಕದಲ್ಲಿ ಬಂದ ಪ್ರಮಾಣದಿಂದ ಮೂರರಲ್ಲೊಂದು ಪಾಲು ಇಳಿಸಬೇಕು. ಮೈಗೆ ಹೊಸ ಔಷಧಿ, ಹೆಚ್ಚಾದರೆ ಉಸಿರು ನಿಲ್ಲಬಹುದು. ನಮ್ಮಲ್ಲಿ ಡಾಕ್ಟರು ಪೂರ್ತಿ ಪ್ರಮಾಣ ಬರೆಯುತ್ತಾರೆ, ಇಳಿಸುವುದು ಫಾರ್ಮಸಿಸ್ಟರ ಕೆಲಸ. ಮೊನ್ನೆ ಬಂದವರು ಹೊರಗಿನ ಡಾಕ್ಟರು. ಅವರ ಆಸ್ಪತ್ರೆಯ ರೂಢಿಯಂತೆ ತಾವೇ ಇಳಿಸಿ, ಹಾಳೆಯ ಹಿಂಬದಿಯಲ್ಲಿ ಸಣ್ಣದಾಗಿ ಗುರುತು ಹಾಕಿ ಹೋಗಿದ್ದರು. ಚೂಟಿ ಹಿಂಬದಿ ನೋಡಲಿಲ್ಲ. ನಮ್ಮ ರೂಢಿಯಂತೆ ಮತ್ತೊಮ್ಮೆ ಇಳಿಸಿದಳು. ಎರಡು ಸಲ ಇಳಿದದ್ದು ಅರ್ಧಕ್ಕಿಂತ ಕಡಿಮೆಯಾಯಿತು. ನೋವು ಉಕ್ಕಿದಾಗ ಮಧ್ಯೆ ಕೊಡುವ ಡೋಸೂ ಆ ತಪ್ಪು ಮೊತ್ತದ ಆರರಲ್ಲೊಂದು ಪಾಲು, ಅಲ್ಲಿಗೆ ಅದೂ ಕಡಿಮೆ.

ಎರಡನೇ ಸಹಿ ನನ್ನದು. ಹಾಳೆ ತಿರುಗಿಸಿದೆ. ಹಿಂಬದಿಯ ಗುರುತು ಕಂಡಿತು. ಚೂಟಿ ಎದುರಿಗೇ ಕೂತು ಪೆನ್ನಿನ ಮುಚ್ಚಳ ಕಚ್ಚುತ್ತಿದ್ದಳು. ಹಾಳೆಯನ್ನು ಮತ್ತೆ ಮೊದಲಿನಂತೆ ತಿರುಗಿಸಿ ಸಹಿ ಹಾಕಿದೆ.

ಯಾರೂ ತಪ್ಪು ಅನ್ನಲಾರರು. ಡಾಕ್ಟರು, ಚೂಟಿ ಇಬ್ಬರೂ ಎಚ್ಚರಿಕೆಯಿಂದಲೇ ಇದ್ದರಲ್ಲ. ನಿನ್ನೆ ಬೆಳಿಗ್ಗೆ ಹತ್ತಕ್ಕೆ ಪಂಪು ಶುರುವಾಯಿತು, ಸಂಜೆ ನಾಲ್ಕಕ್ಕೆ ಅವನು ಶುರುವಾದ.

ಅಕ್ಕ


ಏಪ್ರಿಲ್ ೨೫

ಅಕ್ಕಾ,

ಕಾಗದವನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ. ಇವಳಿಗೆ ಓದಿ ಹೇಳಲಿಲ್ಲ.

ಹೇಗೆ ನರಳುತ್ತಾನೆ ಬರಿ. ಅಮ್ಮನ ಹಾಗೆ ಹಲ್ಲು ಕಚ್ಚಿ ನರಳುತ್ತಾನೋ, ಬಾಯಿಬಿಟ್ಟೋ? ಯಾರನ್ನು ಕರೆಯುತ್ತಾನೆ?

ಒಂದು ಮಾತು. ಅವನ ಹತ್ತಿರ ನೀನು ಮಾತಿಗೆ ನಿಲ್ಲಬೇಡ. ನಾವು ಯಾರು ಅಂತ ಹೇಳಲೇಬೇಡ. ಸಾಯುವವರು ಏನೇನೋ ಹೇಳುತ್ತಾರೆ, ತಮ್ಮ ತಪ್ಪು ಮುಚ್ಚಿಕೊಳ್ಳಲು ಸುಳ್ಳು ಕಟ್ಟುತ್ತಾರೆ. ನಿನ್ನ ಕೆಲಸ ನೀನು ಮಾಡು, ಅಷ್ಟು ಸಾಕು.

ತಮ್ಮ


ಏಪ್ರಿಲ್ ೨೯

ತಮ್ಮನಿಗೆ,

ನಿನ್ನ ಕಾಗದ ಬರುವ ಮೊದಲೇ ಮಾತಿಗೆ ನಿಂತಿದ್ದೆ.

ಕೇಳಿದ್ದೀಯ, ಬರೆಯುತ್ತೇನೆ. ಹಲ್ಲು ಕಚ್ಚಲಿಲ್ಲ, ಅವನಿಗೆ ಹಲ್ಲಿಲ್ಲ. ಹಾಸಿಗೆಯ ಕಂಬಿಯನ್ನು ಹಿಡಿದು, ಎಣಿಸುವವನ ಹಾಗೆ ಒಂದೇ ದನಿಯಲ್ಲಿ ಹ್ಞಾ ಹ್ಞಾ ಅನ್ನುತ್ತಿದ್ದ. ಎರಡನೇ ದಿನ ಕಂಬಿಯ ಬಣ್ಣ ಅವನ ಅಂಗೈಗೆ ಅಂಟಿತ್ತು. ಆ ದಿನವೆಲ್ಲ ನಾನು ಆ ದನಿ ಕೇಳುತ್ತಾ ಪಕ್ಕದ ಕೋಣೆಯಲ್ಲಿ ಸೀಸೆಗಳಿಗೆ ಚೀಟಿ ಅಂಟಿಸಿದೆ. ಒಂದು ಚೀಟಿಯೂ ಸೊಟ್ಟಗಾಗಲಿಲ್ಲ. ಸುಳ್ಳು ಹೇಳುವುದಿಲ್ಲ, ಹಾಯಾಗಿತ್ತು.

ಮೂರನೇ ದಿನ, ಇಪ್ಪತ್ತನಾಲ್ಕರ ಬೆಳಿಗ್ಗೆ, ಅವನ ಮಗಳು ನನ್ನ ಬಳಿ ಬಂದಳು. ನನ್ನದೇ ವಯಸ್ಸು, ಚಪ್ಪಲಿಯ ಒಂದು ಪಟ್ಟಿಗೆ ಪಿನ್ನು ಹಾಕಿದ್ದಳು. "ಮೇಡಂ, ಇನ್ನೊಂದು ಸ್ವಲ್ಪ ಕೊಡೋಕಾಗಲ್ವಾ?" ಅಂದಳು. "ಬರೆದಿರೋದಷ್ಟೇ ಕೊಡೋಕೆ ಬರೋದು" ಅಂದೆ. ತಲೆ ಎತ್ತದೆ ಅಂದೆ. ಅವಳು ಜಗಳವಾಡಲಿಲ್ಲ, ಸರಿ ಎಂದು ಹೋದಳು. ಹೋದ ಮೇಲೆ ತಿಳಿಯಿತು: ಆ ಮಾತು ನನ್ನ ಬಾಯಿಗೆ ಎಷ್ಟು ಚೆನ್ನಾಗಿ ಹೊಂದಿತೆಂದರೆ, ಹೇಳುವುದಕ್ಕೆ ನನಗೆ ಏನೂ ಪ್ರಯಾಸವಾಗಿರಲಿಲ್ಲ. ಇನ್ನೊಂದು ವಾರ ಹೇಳಿದ್ದರೆ ರೂಢಿಯಾಗುತ್ತಿತ್ತು.

ಹಾಳೆ ಹಿಡಿದು ದೊಡ್ಡಮೇಡಂ ಕೋಣೆಗೆ ಹೋದೆ. ಹಿಂಬದಿ ತೋರಿಸಿದೆ. ಚೂಟಿ ನೋಡಿರಲಿಲ್ಲ, ನಾನು ನೋಡಿದ್ದೆ, ನೋಡಿಯೇ ಸಹಿ ಹಾಕಿದೆ ಅಂದೆ. ಯಾಕೆ ಎಂದು ಕೇಳಿದರು, ಅದನ್ನೂ ಹೇಳಿದೆ. ಅವರು ಬೈಯಲಿಲ್ಲ. ಮೊದಲು ಪಂಪು ಸರಿಮಾಡಿಸಿದರು, ಆಮೇಲೆ ನನ್ನ ಕೀಲಿಗಾಗಿ ಕೈಚಾಚಿದರು. ನನ್ನ ತರಬೇತಿ ಮುಂದುವರಿಯಬೇಕೋ ಬೇಡವೋ ಎಂದು ಸಮಿತಿ ಕೂರುತ್ತದಂತೆ. ಚೂಟಿ ಸ್ಟೋರಿನಲ್ಲಿ ಪೆಟ್ಟಿಗೆಗಳ ನಡುವೆ ಕೂತು ಅತ್ತಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ಅದು ನ್ಯಾಯವೇ.

ಕ್ಷಮಿಸಿದೆ ಎಂದುಕೊಳ್ಳಬೇಡ. ನೋವಿನಲ್ಲಿರುವವನಿಗೆ ಏನು ಬೈದರೂ ಕಿವಿಗೆ ಇಳಿಯುವುದಿಲ್ಲ. ನನಗೆ ಅವನು ಕೇಳಿಸಿಕೊಳ್ಳಬೇಕಿತ್ತು. ಮರುದಿನ ಮಧ್ಯಾಹ್ನ ಅವನು ದಿಂಬಿಗೆ ಒರಗಿ ಗಂಜಿ ಕುಡಿಯುತ್ತಿದ್ದ. ಕುರ್ಚಿ ಎಳೆದುಕೊಂಡು ಕೂತು ಎಲ್ಲ ಹೇಳಿದೆ. ಅಮ್ಮನ ಹನ್ನೊಂದು ದಿನಗಳನ್ನು ಒಂದೊಂದಾಗಿ ಹೇಳಿದೆ. ಎರಡು ದಿನ ಅವನಿಗೆ ಬಂದ ನೋವು ಎಲ್ಲಿಂದ ಬಂತು ಎಂಬುದನ್ನೂ ಹೇಳಿದೆ.

ಬಟ್ಟಲು ಕೆಳಗಿಟ್ಟ. "ಆ ಹುಡುಗ ಬಂದದ್ದು ನಾಲ್ಕು ದಿನ" ಅಂದ.

ಹನ್ನೊಂದು ಅಂದೆ.

"ಇಲ್ಲಮ್ಮ, ನಾಲ್ಕು. ನಾಲ್ಕು ದಿನವೂ ಇಲ್ಲ ಅಂದೆ. ಬೀರು ತುಂಬ ಇತ್ತು. ತೆಗೆದರೆ ಮೇಲಿನವರು ಬಂದು ಯಾರಿಗೆ ಕೊಟ್ಟೆ, ಯಾಕೆ ಕೊಟ್ಟೆ ಅಂತ ಹಿಂಡ್ತಾರೆ. ಅದರ ಹೆದರಿಕೆ. ನಾಲ್ಕನೇ ದಿನ ಎಲ್ಲರ ಮುಂದೆ ಏನೋ ಅಂದುಬಿಟ್ಟೆ. ಮನೆಗೆ ಹೋದರೆ ಅನ್ನ ಇಳೀಲಿಲ್ಲ. ಐದನೇ ದಿನ ಬೆಳಿಗ್ಗೆ ಸೀಸೆ ತೆಗೆದು ಕಿಟಕಿ ಹತ್ರ ಇಟ್ಟೆ. ಬರಲಿಲ್ಲ. ವಾರ ಕಾದು ವಾಪಸ್ ಬೀಗ ಹಾಕಿದೆ."

ಸುಳ್ಳು ಅಂದೆ.

"ಮೂವತ್ತು ವರ್ಷದಲ್ಲಿ ಹೊರಗೆ ತೆಗೆದು ವಾಪಸ್ ಇಟ್ಟ ಸೀಸೆ ಅದೊಂದೇ. ಯಾಕೆ ತೆಗೆದೆ, ಯಾಕೆ ಇಟ್ಟೆ ಅಂತ ಮೂರು ಸಲ ವಿಚಾರಣೆ ಮಾಡಿದರು. ಮರೆಯೋದು ಹೇಗೆ?"

ಕೋಣೆಗೆ ಬಂದು ನಿನ್ನ ಏಪ್ರಿಲ್ ಹದಿನೆಂಟರ ಕಾಗದ ತೆಗೆದೆ. ಒಂದನೇ ದಿನದಿಂದ ನಾಲ್ಕನೇ ದಿನದವರೆಗೆ ಕಿಟಕಿಯ ಬಣ್ಣ, ಊಟದ ಡಬ್ಬಿ, ಹೆಂಗಸಿನ ಚೀಲ. ಐದರಿಂದ ಹನ್ನೊಂದಕ್ಕೆ ಮೂರು ಪದ.

ನಾಲ್ಕು ದಿನ ಅವನದು. ಉಳಿದ ಏಳು ಯಾರದು? ಬರಿ.


ಮೇ ೧

ಅಕ್ಕಾ,

ನನ್ನದು.

ಐದನೇ ದಿನ ಆ ರಸ್ತೆಯ ತಿರುವಿನವರೆಗೆ ಹೋದೆ. ಸಾಲು ಕಂಡಿತು. ಕಾಲು ಮುಂದೆ ಬರಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ಕೂತೆ. ಏಳು ದಿನವೂ ಅಲ್ಲೇ ಕೂತೆ. ಒಂದು ಕಡೆಗೆ ಎಷ್ಟು ಬಸ್ಸು, ಇನ್ನೊಂದು ಕಡೆಗೆ ಎಷ್ಟು ಅಂತ ಎಣಿಸುತ್ತಿದ್ದೆ. ಕಿಟಕಿ ಮುಚ್ಚುವ ಹೊತ್ತಾದ ಮೇಲೆ ಮನೆಗೆ ಬಂದು ಇಲ್ಲ ಅಂದರು ಅನ್ನುತ್ತಿದ್ದೆ. ನೀನು ಅಮ್ಮನ ತಲೆ ಹಿಡಿದುಕೊಂಡೇ ನನ್ನ ಮುಖ ನೋಡುತ್ತಿದ್ದೆ, ಪಾಪ ಎಷ್ಟು ಓಡಾಡುತ್ತಾನೆ ಅನ್ನುತ್ತಿದ್ದೆ.

ಅದು ಸುಳ್ಳು ಅಂತ ನನಗೆ ಅನ್ನಿಸಲೇ ಇಲ್ಲ. ಹೋಗಿದ್ದರೂ ಅವನು ಅದನ್ನೇ ಅನ್ನುತ್ತಿದ್ದ, ನಾನು ಅವನ ಪರವಾಗಿ ಹೇಳುತ್ತಿದ್ದೇನೆ, ಅಷ್ಟೇ ಅಂದುಕೊಂಡಿದ್ದೆ. ಸೀಸೆ ಹೊರಗಿತ್ತು ಅಂತ ನನಗೆ ಗೊತ್ತಿರಲಿಲ್ಲ ಅಕ್ಕ. ಇವತ್ತಿನವರೆಗೂ ಗೊತ್ತಿರಲಿಲ್ಲ.

ಏನಾದರೂ ಬರಿ. ಬೈದೇ ಬರಿ.

ತಮ್ಮ


ಮೇ ೫

ಅಕ್ಕಾ,

ನನ್ನ ಕಾಗದ ತಲುಪಿರಬೇಕು. ಫೋನು ಮಾಡಿದರೆ ಎತ್ತುತ್ತಿಲ್ಲ. ಊಟ ಮಾಡುತ್ತಿದ್ದೀಯೋ ಇಲ್ಲವೋ. ಇವಳಿಗೆ ಎಲ್ಲ ಹೇಳಿದೆ. ತಟ್ಟೆ ಎತ್ತಿಕೊಂಡು ಒಳಗೆ ಹೋದಳು.


ಮೇ ೭

ಅಕ್ಕಾ, ಒಂದು ಸಾಲು. ಖಾಲಿ ಕಾಗದವಾದರೂ ಸರಿ.


ಮೇ ೧೦

ತಮ್ಮನಿಗೆ,

ನಿನ್ನ ಮೊದಲ ಕಾಗದ ಮೂರನೇ ತಾರೀಕು ಬಂತು. ಅದೇ ದಿನ ಉತ್ತರ ಬರೆದು ಲಕೋಟೆಗೂ ಹಾಕಿದೆ. ಆಮೇಲೆ ಮೇಜಿನ ಮೇಲೆ, ನನಗೆ ಕಾಣುವ ಹಾಗೆ, ಇಟ್ಟುಕೊಂಡೆ. ಏಳು ದಿನ ಇಟ್ಟುಕೊಂಡೆ. ಫೋನು ಹತ್ತೊಂಬತ್ತು ಸಲ ಬಡಿದುಕೊಂಡಿತು, ಎದುರಿಗೇ ಕೂತು ಎಣಿಸಿದೆ. ಬರಬೇಕಾದದ್ದು ಸಿದ್ಧವಾಗಿದ್ದೂ ಬಾರದೆ ಹೋದರೆ ಕಾಯುವವರಿಗೆ ಹೇಗಿರುತ್ತದೆ ಎಂಬುದು ನಿನಗೆ ಬಾಯಲ್ಲಿ ಹೇಳಿದರೆ ತಿಳಿಯುವುದಿಲ್ಲ. ಇಂದು ಆ ಉತ್ತರವನ್ನು ಹರಿದು ಇದನ್ನು ಬರೆಯುತ್ತಿದ್ದೇನೆ.

ಅವನು ಎಂಟರಂದು ಹೋದ. ಮಧ್ಯಾಹ್ನ, ಮಗಳು ಕಾಲು ಒತ್ತುತ್ತಿದ್ದಾಗ. ನೋವಿರಲಿಲ್ಲ. ಕೊನೆಯವರೆಗೂ ಪಂಪಿನ ಲೆಕ್ಕವನ್ನು ದೊಡ್ಡಮೇಡಂ ತಮ್ಮ ಕಣ್ಣೆದುರಿಗೆ ನನ್ನಿಂದಲೇ ಹಾಕಿಸಿದರು, ಚೂಟಿ ಪರೀಕ್ಷಿಸಿದಳು, ಸಹಿ ಬೇರೆಯವರು ಮಾಡಿದರು. ಅವನ ನಾಲ್ಕು ದಿನಕ್ಕೆ ನಾನು ಕೊಟ್ಟದ್ದು ಎರಡು ದಿನ. ಮಿಕ್ಕ ಎರಡನ್ನು ಬಿಟ್ಟೆನೆಂದು ಹೆಮ್ಮೆಯೂ ಇಲ್ಲ, ಕೊಟ್ಟೆನೆಂದು ಸಮಾಧಾನವೂ ಇಲ್ಲ. ನನಗೆ ಆರು ತಿಂಗಳು ಸಹಿಯ ಅಧಿಕಾರವಿಲ್ಲ, ತರಬೇತಿ ಮತ್ತೆ ಮೊದಲಿನಿಂದ. ಸಮಿತಿ ಅಷ್ಟಕ್ಕೇ ಬಿಟ್ಟದ್ದು ದೊಡ್ಡಮೇಡಂ ಜವಾಬ್ದಾರಿ ಹೊತ್ತದ್ದರಿಂದ.

ನಿನ್ನ ವಿಷಯ. ನೀನು ಇಪ್ಪತ್ತರವನಾಗಿದ್ದೆ, ನಿನ್ನನ್ನು ಹಂಗಿಸಿದರು, ಎಲ್ಲ ಒಪ್ಪಿದೆ. ಆ ಏಳು ದಿನವನ್ನು ಅದು ತುಂಬುವುದಿಲ್ಲ. ಇಪ್ಪತ್ತೆರಡು ವರ್ಷ ನಾನು ಹನ್ನೊಂದೂ ದಿನವನ್ನು ಒಬ್ಬನ ತಲೆಗೇ ಕಟ್ಟಿ ಬೆಳೆಸಿದೆ, ನೀನು ಎದುರಿಗೆ ಕೂತು ತಲೆಯಾಡಿಸಿದೆ. ಅವನ ಹತ್ತಿರ ಮಾತಾಡಬೇಡ ಎಂದು ಬರೆದವನು ಇಪ್ಪತ್ತರವನಲ್ಲ, ನಲವತ್ತೆರಡರವನು.

ನಿಮ್ಮ ಊರಿನಲ್ಲಿ ನಮ್ಮದೊಂದು ಕೇಂದ್ರವಿದೆ. ಮನೆಯಲ್ಲೇ ಮಲಗಿರುವವರಿಗೆ ಔಷಧಿ ತಲುಪಿಸಲು ಅವರಿಗೆ ನಂಬಿಕೆಯ ಜನ ಬೇಕು. ನಿನ್ನ ಹೆಸರು ಕೊಟ್ಟಿದ್ದೇನೆ. ನಂಬಬಹುದೇ ಎಂದು ಕೇಳಿದರು, ಗೊತ್ತಿಲ್ಲ ಅಂದೆ. ಹತ್ತೊಂಬತ್ತನೇ ತಾರೀಕು ಸೋಮವಾರ ಬೆಳಿಗ್ಗೆ ಎಂಟಕ್ಕೆ ಅಲ್ಲಿನ ಔಷಧಿ ಕಿಟಕಿಯ ಮುಂದೆ ನಿಲ್ಲು. ಲಿಫ್ಟಿನ ಕೆಲಸವನ್ನು ಸಂಜೆಗೆ ಹಾಕಿಸಿಕೋ. ಎಷ್ಟು ದಿನ ಎಂದು ಕೇಳಬೇಡ. ಅದನ್ನು ಕೇಳುವ ಹಕ್ಕು ನಿನಗಿಲ್ಲ.

ಹೋಗದಿದ್ದರೆ ನನಗೆ ಇನ್ನು ಬರೆಯಬೇಡ.

ಅಕ್ಕ


ಮೇ ೧೯, ಸೋಮವಾರ

ಅಕ್ಕಾ,

ಹೋಗಿದ್ದೆ. ನನ್ನ ಮುಂದೆ ಒಂಬತ್ತು ಜನ.

ಇಬ್ಬರು ನನ್ನನ್ನು ದಾಟಿ ಮುಂದೆ ಹೋದರು, ಹೋಗಲಿ ಅಂತ ಬಿಟ್ಟೆ, ಆಮೇಲೆ ಬಿಡಬಾರದಿತ್ತು ಅನ್ನಿಸಿತು. ನನ್ನ ಸರದಿ ಬಂದಾಗ ಒಳಗಿದ್ದ ಹೆಂಗಸು ನನ್ನ ಗುರುತಿನ ಚೀಟಿಗೆ ಫೋಟೋ ಅಂಟಿಸಿಲ್ಲ, ನಾಳೆ ಬನ್ನಿ ಅಂದಳು. ಹಿಂದೆ ನಿಂತವರು ಬೇಗ ಬೇಗ ಅಂದರು. ಮುಂದಿನ ರಸ್ತೆಗೆ ಓಡಿ, ಸ್ಟುಡಿಯೋ ಬಾಗಿಲು ತೆಗೆಯುವವರೆಗೆ ಕಾದು, ಫೋಟೋ ತೆಗೆಸಿ, ಮತ್ತೆ ಸಾಲಿನ ಕೊನೆಗೆ ನಿಂತೆ. ಕೊಟ್ಟರು. ಕಂದು ಬಣ್ಣದ ಸೀಸೆ, ನನ್ನ ಅಂಗೈಯಷ್ಟೇ ಇದೆ. ಅದನ್ನು ಕೈಯಲ್ಲಿ ಹಿಡಿದದ್ದು ಇದೇ ಮೊದಲು.

ಸೀಸೆ ಮುಟ್ಟಿಸಬೇಕಾದ ಮನೆಯಲ್ಲಿ ಒಬ್ಬ ಹೊಲಿಗೆಯವಳು. ಗೋಡೆಗೆ ಮುಖ ಮಾಡಿ ಮಲಗಿದ್ದಳು. ಅವಳ ಗಂಡ ನನ್ನನ್ನು ಯಾರು ಅಂತ ಕೇಳಲಿಲ್ಲ, ಸೀಸೆ ತೆಗೆದುಕೊಳ್ಳುವ ಮೊದಲು ಗೋಡೆಯ ಗಡಿಯಾರ ನೋಡಿದ. "ಹತ್ತಕ್ಕೆ ಬರ್ತಾರೆ ಅಂದಿದ್ದರು" ಅಂದ. ಗಂಟೆ ಒಂದೂ ಕಾಲಾಗಿತ್ತು. ಫೋಟೋ ಅಂತ ಬಾಯಿ ತೆರೆದೆ, ಹೇಳಲಿಲ್ಲ. ತಪ್ಪಾಯಿತು ಅಂದೆ.

ನಾಳೆಯದು ಇನ್ನೂ ದೂರದ ಮನೆ. ಏಳಕ್ಕೇ ಹೋಗಿ ನಿಲ್ಲುತ್ತೇನೆ.

ತಮ್ಮ